ಮಳೆಗಾಲದಲ್ಲಿ ಮುಟ್ಟದೆ ಬಿಟ್ಟರೂ ನಡೆಯುವ ಲಿನಕ್ಸ್ ಯಾವುದು?

ಪ್ರಶ್ನೆ: ನಮ್ಮದು ಕೋಣಂದೂರಿನ ಹತ್ತಿರದ ಹಳ್ಳಿ. 2016ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರಲ್ಲ, 11 ಇದಕ್ಕೆ ಕೂರಲ್ಲ, ಹೊಸದು ತಗೊಳ್ಳಿ ಅಂತ ಅಂಗಡಿಯಲ್ಲಿ ಹೇಳಿದರು. ಲಿನಕ್ಸ್ ಹಾಕೋಣ ಅಂದರೆ ಒಬ್ಬರು ಉಬುಂಟು ಅಂತಾರೆ, ಇನ್ನೊಬ್ಬರು ಮಿಂಟ್, ಇಂಜಿನಿಯರಿಂಗ್ ಓದುವ ಮಗ ಆರ್ಚ್ ಅಂತಾನೆ. ನಾನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆಯುವವನು. ತೋಟದ ಲೆಕ್ಕ, ದೇವಸ್ಥಾನ ಸಮಿತಿಯ ಪತ್ರ, ಪಹಣಿ ಪ್ರಿಂಟ್, ಇಷ್ಟೇ ಕೆಲಸ. ಇಂಟರ್ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್. ಯಾವುದು ಹಾಕಲಿ?

ಉತ್ತರ: ಲಿನಕ್ಸ್ ಮಿಂಟ್ ಹಾಕಿ, ಅದರಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಪರದೆಯ ಆವೃತ್ತಿ. ಅದಕ್ಕೂ ಮುಂಚೆ ಹಾರ್ಡ್ ಡಿಸ್ಕ್ ತೆಗೆಸಿ ಒಂದು 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಕೈಯಲ್ಲಿ ದುಡ್ಡಿದ್ದರೆ ರ‍್ಯಾಮ್ ಕೂಡ 8 ಜಿಬಿ ಮಾಡಿಸಿ. ಡಿಸ್ಟ್ರೋ (ಉಬುಂಟು, ಮಿಂಟ್, ಆರ್ಚ್‌ನಂಥ ಲಿನಕ್ಸ್ ಬಗೆ) ಯಾವುದು ಎನ್ನುವುದಕ್ಕಿಂತ ಈ ಎಸ್‌ಎಸ್‌ಡಿ ನಿಮಗೆ ಹೆಚ್ಚು ನೆಮ್ಮದಿ ಕೊಡುತ್ತದೆ. ಹಳೇ ತಿರುಗುವ ಡಿಸ್ಕಿನ ಮೇಲೆ ಯಾವ ಲಿನಕ್ಸ್ ಹಾಕಿದರೂ ‘ಲಿನಕ್ಸ್ ನಿಧಾನ’ ಎಂಬ ಮಾತೇ ನಿಮ್ಮ ಬಾಯಲ್ಲಿ ಬರುತ್ತದೆ, ಆ ಬೈಗುಳ ನಿಜಕ್ಕೂ ಸಲ್ಲಬೇಕಾದ್ದು ಡಿಸ್ಕಿಗೆ.

ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದ್ದಾಗಿರಬೇಕು. ನಿಮ್ಮದು ಆರನೆಯದು. ಆದರೆ ಅದರಿಂದ ಯಂತ್ರ ಮುದಿಯಾಯಿತು ಅಂತೇನಿಲ್ಲ. ಮಿಂಟ್‌ನವರು ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಕ್ಕೆ 4 ಜಿಬಿ. ಲೆಕ್ಕ, ಪತ್ರ, ಪಹಣಿಗೆ ನಿಮ್ಮ ಐ3 ಇನ್ನೂ ಐದು ವರ್ಷ ದುಡಿಯಬಲ್ಲದು. ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನು ಮಿಂಟೇ ಯಾಕೆ? ನೀವು ತೋಟಗಾರರು, ನಿಮಗೆ ಬೇಗ ಅರ್ಥವಾಗುತ್ತದೆ. ಅಡಿಕೆ ಸಸಿ ಹಾಕುವಾಗ ನಾವು ಸಸಿಯ ಎಲೆ ಎಷ್ಟು ಹಸಿರಾಗಿದೆ ಅಂತ ನೋಡುವುದಕ್ಕಿಂತ ಬೀಜ ಯಾವ ತೋಟದ್ದು, ತಾಯಿಮರಕ್ಕೆ ವಯಸ್ಸೆಷ್ಟು, ವರ್ಷ ಬಿಡದೆ ಗೊನೆ ಕೊಟ್ಟಿದೆಯೇ ಅಂತ ವಿಚಾರಿಸುತ್ತೇವೆ. ಡಿಸ್ಟ್ರೋಗೂ ಅದೇ ವಿಚಾರಣೆ ಬೇಕು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ತಿರುಳು, ಎಲ್ಲ ಡಿಸ್ಟ್ರೋಗಳಲ್ಲೂ ಒಂದೇ. ಅದರ ಮೇಲೆ ತಂತ್ರಾಂಶಗಳನ್ನು ಆರಿಸಿ, ಹೊಂದಿಸಿ, ವರ್ಷಗಟ್ಟಲೆ ತಿದ್ದುತ್ತಾ ಕೊಡುವ ಮನೆತನ ಮಾತ್ರ ಬೇರೆಬೇರೆ. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಒಂದು ದೊಡ್ಡ ತಾಯಿಮರ. ಅದರಿಂದ 2004ರಲ್ಲಿ ಉಬುಂಟು ಬಂತು. ಉಬುಂಟುವನ್ನು ಆಧರಿಸಿ 2006ರಲ್ಲಿ ಮಿಂಟ್ ಹುಟ್ಟಿತು. ಮೂರೂ ಒಂದೇ ವಂಶ. ಒಂದರಲ್ಲಿ ಕಲಿತ ಪಾಠ ಇನ್ನೊಂದರಲ್ಲಿ ಬಹುತೇಕ ಹಾಗೇ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಉಬುಂಟು ಎಂದವರೂ ಮಿಂಟ್ ಎಂದವರೂ ನಿಮಗೆ ತಪ್ಪು ದಾರಿ ತೋರಿಸಿಲ್ಲ.

ಡಿಸ್ಟ್ರೋ ಆರಿಸುವವರು ತಮ್ಮನ್ನು ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಯಾರೂ ಮುಟ್ಟದಿದ್ದರೆ ಏನಾಗುತ್ತದೆ? ಬೆಂಗಳೂರಿನವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ನಮ್ಮಲ್ಲಿ ಆರಿದ್ರಾ ಹಿಡಿದರೆ ಪುನರ್ವಸು, ಪುಷ್ಯ ದಾಟುವವರೆಗೂ ಕರೆಂಟು ಯಾವಾಗ ಬರುತ್ತದೆ, ಟವರ್ ಯಾವಾಗ ಏಳುತ್ತದೆ ಅಂತ ಯಾರೂ ಹೇಳಲಾರರು. ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ. ಅಂಥ ಮನೆಗೆ ಬೇಕಾದದ್ದು ವರ್ಷಗಟ್ಟಲೆ ಮೈ ಬದಲಿಸದ, ತಡವಾಗಿ ಅಪ್‌ಡೇಟ್ ಮಾಡಿದರೂ ಮುನಿಸಿಕೊಳ್ಳದ ವ್ಯವಸ್ಥೆ.

ಇದನ್ನು ನಾನು ಕಲಿತದ್ದು ಒಬ್ಬರ ಮನೆಗೆ ತೊಂದರೆ ಕೊಟ್ಟು. ಕೆಲವು ವರ್ಷಗಳ ಹಿಂದೆ ಹೊಸನಗರ ತಾಲ್ಲೂಕಿನ ನಗರದ ಹತ್ತಿರ ಇರುವ ನೆಂಟರೊಬ್ಬರ ಯಂತ್ರಕ್ಕೆ ರೋಲಿಂಗ್ ಮಾದರಿಯ ಒಂದು ಡಿಸ್ಟ್ರೋ ಹಾಕಿಕೊಟ್ಟೆ. ರೋಲಿಂಗ್ ಅಂದರೆ ಅದಕ್ಕೆ ಆವೃತ್ತಿ ಅಂತ ಇರುವುದಿಲ್ಲ, ಹೊಸದು ಬಂದ ಹಾಗೆ ಹರಿಯುತ್ತಲೇ ಇರುತ್ತದೆ. ಆಗ ನಾನು ಅದನ್ನೇ ಬಳಸುತ್ತಿದ್ದೆ, ಬಹಳ ಇಷ್ಟವೂ ಆಗಿತ್ತು. ಮಳೆಗಾಲವಿಡೀ ಅವರು ಅಪ್‌ಡೇಟ್ ಮಾಡಲಿಲ್ಲ. ಮಾಡುವಷ್ಟು ಇಂಟರ್ನೆಟ್ಟೂ ಇರಲಿಲ್ಲ. ದೀಪಾವಳಿ ಹೊತ್ತಿಗೆ ಮಾಡಲು ಹೋದರೆ ಪ್ಯಾಕೇಜ್‌ಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಸಹಿ ಪರೀಕ್ಷಿಸುವ ಕೀಲಿಗಳೇ ಹಳತಾಗಿದ್ದವು, ಒಂದೊಂದೇ ಪ್ಯಾಕೇಜ್ ತಿರಸ್ಕಾರವಾಯಿತು. ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಮಾಡಿದ ಮೇಲೆ ಅರ್ಧ ಹೊಸದು ಅರ್ಧ ಹಳೆಯದು ಆಗಿ ಪರದೆಯೇ ಏಳಲಿಲ್ಲ. ಮಾರನೇ ದಿನ ಸೊಸೈಟಿಗೆ ಕೊಡಬೇಕಾದ ಕಾಗದಗಳು ಅದರೊಳಗಿದ್ದವು. ಶಿವಮೊಗ್ಗದಿಂದ ಹೋಗಿ ಕಾಗದ ತೆಗೆದುಕೊಟ್ಟೆ, ಯಂತ್ರವನ್ನೂ ಸರಿಮಾಡಿದೆ. ಆದರೆ ಅವರ ನಂಬಿಕೆ ಹೋಗಿತ್ತು. ಆಮೇಲೆ ಅವರು ಲಿನಕ್ಸ್ ಮುಟ್ಟಲಿಲ್ಲ. ಡಿಸ್ಟ್ರೋ ಕೆಟ್ಟದ್ದಾಗಿರಲಿಲ್ಲ, ನನಗೆ ಹಿಡಿಸಿದ್ದನ್ನು ಅವರ ಮನೆಯ ಮೇಲೆ ಹೇರಿದ್ದು ತಪ್ಪು.

ನಿಮ್ಮ ಮಗ ಹೇಳುವ ಆರ್ಚ್ ಕೂಡ ರೋಲಿಂಗ್. ಅದರ ಬಗ್ಗೆ ನನಗೆ ಗೌರವವಿದೆ. ಆರ್ಚ್ ವಿಕಿಯಷ್ಟು ಚೊಕ್ಕ ದಾಖಲೆಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಮಿಂಟ್ ಬಳಸುವಾಗಲೂ ಅಲ್ಲಿಗೇ ಹೋಗಿ ಓದುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗ ತನ್ನ ಲ್ಯಾಪ್‌ಟಾಪಿಗೆ ಆರ್ಚ್ ಹಾಕಿಕೊಂಡು, ಕೆಡಿಸಿ, ರಾತ್ರಿ ಕೂತು ಸರಿಮಾಡಿದರೆ ಕಂಪ್ಯೂಟರಿನ ಒಳಗಿನ ವಿಚಾರ ಒಂದು ಸೆಮಿಸ್ಟರಿನ ಪಾಠಕ್ಕಿಂತ ಹೆಚ್ಚು ತಿಳಿಯುತ್ತದೆ. ಅವನನ್ನು ತಡೆಯಬೇಡಿ. ಸಮಿತಿಯ ಪತ್ರ ಇರುವ ಯಂತ್ರದಲ್ಲಿ ಮಾತ್ರ ಬೇಡ.

ಉಬುಂಟು? 24.04 ಆವೃತ್ತಿ ಗಟ್ಟಿಯಾಗಿದೆ, 2029ರವರೆಗೆ ಬೆಂಬಲ ಇದೆ. ನಿಮಗೆ ನಾನು ಅದನ್ನು ಹೇಳದಿರಲು ಎರಡು ಕಾರಣ. ಅದರ ಗ್ನೋಮ್ ಪರದೆ 4 ಜಿಬಿಗೆ ಭಾರ. ಮತ್ತೆ, ಫೈರ್‌ಫಾಕ್ಸ್‌ನಂಥ ತಂತ್ರಾಂಶಗಳು ಅಲ್ಲಿ ‘ಸ್ನ್ಯಾಪ್’ ಎಂಬ ಕಟ್ಟಿನಲ್ಲಿ ಬರುತ್ತವೆ, ಆ ಕಟ್ಟುಗಳು ನೀವು ಹೇಳದಿದ್ದರೂ ತಾವೇ ಅಪ್‌ಡೇಟ್ ಆಗುತ್ತವೆ. ಕೇಬಲ್ ಇಂಟರ್ನೆಟ್ ಇದ್ದವರಿಗೆ ಅದು ಅನುಕೂಲ. ಹಾಟ್‌ಸ್ಪಾಟಿನವರಿಗೆ ದಿನದ ಡೇಟಾ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ತಡೆಹಿಡಿಯುವ ದಾರಿ ಇದೆ, ಆದರೆ ಅದನ್ನು ಹುಡುಕಿ ಮಾಡುವ ಕೆಲಸ ನಿಮ್ಮ ತಲೆಗೆ. ಮಿಂಟ್‌ನವರು ಸ್ನ್ಯಾಪನ್ನು ಒಳಗೆ ಬಿಟ್ಟುಕೊಂಡಿಲ್ಲ. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್ ಮೂಲೆಯಲ್ಲಿ ಒಂದು ಚುಕ್ಕೆ ತೋರಿಸಿ ಸುಮ್ಮನಿರುತ್ತದೆ, ನೀವು ಒತ್ತಿದಾಗ ಮಾತ್ರ ಇಳಿಸುತ್ತದೆ. ನಮ್ಮ ಕಡೆಗೆ ಇದೇ ಸರಿ.

ಮಿಂಟ್‌ನಲ್ಲೂ ಒಂದು ಕಡೆ ಎಚ್ಚರ ಬೇಕು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಒಂದೇ ತಂತ್ರಾಂಶ ಎರಡು ಬಗೆಯಲ್ಲಿ ಸಿಗಬಹುದು: ಒಂದು ಸಿಸ್ಟಂ ಪ್ಯಾಕೇಜ್, ಇನ್ನೊಂದು ಫ್ಲಾಟ್‌ಪ್ಯಾಕ್. ಫ್ಲಾಟ್‌ಪ್ಯಾಕ್ ಹೊಸ ಆವೃತ್ತಿ ಕೊಡುತ್ತದೆ, ಆದರೆ ತನ್ನ ಜೊತೆ ನೂರಾರು ಎಂಬಿ ಸಾಮಾನನ್ನೂ ಎಳೆದು ತರುತ್ತದೆ. ಸಿಸ್ಟಂ ಪ್ಯಾಕೇಜನ್ನೇ ಆರಿಸಿ.

ಡೆಬಿಯನ್ ನನ್ನ ಸ್ವಂತ ಯಂತ್ರದಲ್ಲಿದೆ. 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿ. ಕಂಪ್ಯೂಟರಿನ ಹೆಸರಿನಲ್ಲಿ ನಾನು ನೆಚ್ಚಿಕೊಂಡಿರುವುದು ಏನಾದರೂ ಇದ್ದರೆ ಅದು ಇದೇ. ಯಾವ ಕಂಪನಿಯ ಸ್ವತ್ತೂ ಅಲ್ಲದ, ಸಾವಿರಾರು ಜನ ಸ್ವಯಂಸೇವಕರು ಮೂವತ್ತಕ್ಕೂ ಹೆಚ್ಚು ವರ್ಷದಿಂದ ಕಾಪಾಡಿಕೊಂಡು ಬಂದ ಕೆಲಸ. ಮೊದಲೆಲ್ಲ ವೈಫೈ ಫರ್ಮ್‌ವೇರನ್ನು (ಉಪಕರಣದೊಳಗೆ ನಡೆಯುವ ತಂತ್ರಾಂಶ) ಬೇರೆಯಾಗಿ ಹುಡುಕಿ ಹಾಕಬೇಕಿತ್ತು. 2023ರ 12ನೇ ಆವೃತ್ತಿಯಿಂದ ಅದು ಇನ್‌ಸ್ಟಾಲರಿನೊಳಗೇ ಇದೆ. ಆದರೂ ಮೊದಲ ಸಲ ಬರುವವರನ್ನು ಮಿಂಟ್ ಇನ್ನಷ್ಟು ಕೈ ಹಿಡಿದು ನಡೆಸುತ್ತದೆ. ಎರಡು ವರ್ಷ ಮಿಂಟ್ ಬಳಸಿ, ಆಮೇಲೆ ಮನಸ್ಸಾದರೆ ತಾಯಿಮರಕ್ಕೇ ಬನ್ನಿ. ಫೆಡೋರಾ ಎಂಬ ಇನ್ನೊಂದು ಡಿಸ್ಟ್ರೋ ಬಗ್ಗೆ ನೀವು ಕೇಳಿಲ್ಲ. ಚೆನ್ನಾಗಿದೆ, ಆದರೆ ಆರು ತಿಂಗಳಿಗೊಂದು ಆವೃತ್ತಿ, ಪ್ರತಿಯೊಂದಕ್ಕೂ ಹದಿಮೂರು ತಿಂಗಳ ಆಸುಪಾಸು ಆಯಸ್ಸು. ಹಾಟ್‌ಸ್ಪಾಟಿನ ಮನೆಗೆ ಅಲ್ಲ.

ಈಗ ನುಡಿಯ ವಿಷಯ. ಕನ್ನಡಿಗರು ಲಿನಕ್ಸ್‌ಗೆ ಬಂದು ವಾಪಸು ಹೋಗುವುದು ಬಹುಪಾಲು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನುಡಿ ತಂತ್ರಾಂಶ ಲಿನಕ್ಸ್‌ಗೆ ಬರುವುದಿಲ್ಲ, ಆದರೆ ನಿಮ್ಮ ಬೆರಳಿಗೆ ಅಭ್ಯಾಸವಾಗಿರುವ ಕೀಲಿಮಣೆ ವಿನ್ಯಾಸ ಇಲ್ಲೂ ಇದೆ. ಅದು ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸದ ಮೇಲೆ ನಿಂತದ್ದು, ಕಗಪ ಅಥವಾ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತುತ್ತೀರಲ್ಲ, ಇಲ್ಲೂ ಹಾಗೇ. ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆ ಹಾಕಿ, ಅದಕ್ಕೆ ಎಂ17ಎನ್ ಎಂಬ ಪ್ಯಾಕೇಜ್ ಸೇರಿಸಿ, ಕನ್ನಡದ ಪಟ್ಟಿಯಿಂದ ಕೆಜಿಪಿ ಆರಿಸಿ. ಸಿಸ್ಟಂ ಸೆಟ್ಟಿಂಗ್ಸಿನ ಕೀಬೋರ್ಡ್ ಪಟ್ಟಿಯಲ್ಲೂ ‘ಕನ್ನಡ, ಕಗಪ’ ಎಂದು ಒಂದು ಕಾಣುತ್ತದೆ, ಆದರೆ ಸ್ವರಾಕ್ಷರಗಳ ವಿಷಯದಲ್ಲಿ ನುಡಿಗೆ ಹತ್ತಿರದ ನಡೆ ಐಬಸ್‌ನದು. ಹಾಕಿದ ಮೇಲೆ ಎರಡು ಪದ ಬರೆದು ನೋಡಿ: ‘ರಾಜ್‌ಕುಮಾರ್’ ಮತ್ತು ‘ರ‍್ಯಾಲಿ’. ಮೊದಲನೆಯದರಲ್ಲಿ ಜಕಾರಕ್ಕೆ ಕ ಒತ್ತಾಗದೆ ನಿಲ್ಲಬೇಕು, ಎರಡನೆಯದರಲ್ಲಿ ಅರ್ಕಾವೊತ್ತು ಬರದೆ ರಕಾರದ ಕೆಳಗೆ ಯ ಒತ್ತು ಕೂರಬೇಕು. ಎರಡಕ್ಕೂ ಕಣ್ಣಿಗೆ ಕಾಣದ ಒಂದೊಂದು ಜೋಡಕ ಅಕ್ಷರ ಬೇಕು. ಅವು ಯಾವ ಕೀಲಿಯಲ್ಲಿವೆ ಎಂದು ಮೊದಲ ದಿನವೇ ಕಂಡುಕೊಂಡರೆ ಮುಂದೆ ಕಿರಿಕಿರಿ ಇಲ್ಲ.

ಹಳೇ ಕಡತಗಳ ವಿಷಯ ಇದಕ್ಕಿಂತ ಮುಖ್ಯ. ನುಡಿಯ ಹಳೇ ಫಾಂಟುಗಳಲ್ಲಿ ಬರೆದದ್ದು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಒಳಗೆ ಇಂಗ್ಲಿಷ್ ಚಿಹ್ನೆಗಳಿರುತ್ತವೆ, ಅವಕ್ಕೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಸಮಿತಿಯ ಹತ್ತು ವರ್ಷದ ನಡಾವಳಿ ಕಗ್ಗವಾಗಿ ಕಾಣುತ್ತದೆ. ಫಾಂಟ್ ಕಡತವನ್ನು ಮಿಂಟ್‌ಗೂ ನಕಲು ಮಾಡಿದರೆ ಓದಲು ಆಗುತ್ತದೆ, ಆದರೆ ಆ ಬರಹದೊಳಗೆ ಕನ್ನಡದಲ್ಲಿ ಹುಡುಕಲು ಆಗದು. ಇನ್ನು ಹತ್ತು ವರ್ಷ ಕಳೆದ ಮೇಲೆ ಅದನ್ನು ತೆರೆಯುವವರಿಗೆ ಆ ಫಾಂಟು ಎಲ್ಲಿ ಸಿಗಬೇಕು? ವಿಂಡೋಸ್ ಇರುವಾಗಲೇ ಮುಖ್ಯ ಕಡತಗಳನ್ನೆಲ್ಲ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಬರುತ್ತದೆ, ಹೆಸರು ಮತ್ತು ಮೊತ್ತ ಇರುವ ಸಾಲುಗಳನ್ನಾದರೂ ಕಣ್ಣಾಡಿಸಿ. ಲಿನಕ್ಸ್ ಹಾಕದಿದ್ದರೂ ಈ ಕೆಲಸವನ್ನು ಮಾಡಿಡಿ ಎಂದೇ ಹೇಳುತ್ತೇನೆ. ಅದು ನಿಮ್ಮ ಊರಿನ ದಾಖಲೆ.

ಫಾಂಟಿಗೆ ಬರ ಇಲ್ಲ. ಲೋಹಿತ್, ಗುಬ್ಬಿ, ಕೈಬರಹದ ಹಾಗಿರುವ ನವಿಲು, ನೋಟೋ, ಎಲ್ಲವೂ ಮುಕ್ತ. ಪತ್ರ, ಲೆಕ್ಕ ಬರೆಯುವ ಲಿಬ್ರೆ ಆಫೀಸ್‌ನಲ್ಲಿ ಮಾತ್ರ ಒಂದು ತಿರುವು: ಕನ್ನಡವನ್ನು ಅದು ‘ಸಂಕೀರ್ಣ ಲಿಪಿ’ ಎಂಬ ಗುಂಪಿಗೆ ಸೇರಿಸುತ್ತದೆ. ಇಂಗ್ಲಿಷಿಗೆ ಒಂದು ಫಾಂಟು, ಈ ಗುಂಪಿಗೆ ಇನ್ನೊಂದು. ಭಾಷೆಯ ಸೆಟ್ಟಿಂಗಿಗೆ ಹೋಗಿ ಸಂಕೀರ್ಣ ಲಿಪಿಗೆ ಕನ್ನಡ ಆರಿಸಿ, ಆ ಗುಂಪಿನ ಫಾಂಟನ್ನು ಒಮ್ಮೆ ಇಟ್ಟುಬಿಡಿ. ‘ಫಾಂಟು ಬದಲಾಯಿಸಿದರೂ ಬದಲಾಗಲ್ಲ’ ಎಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ತೊಂದರೆ ಇದೊಂದೇ. ತೋಟದ ಲೆಕ್ಕದ ಎಕ್ಸೆಲ್ ಹಾಳೆಗಳನ್ನು ಲಿಬ್ರೆ ಆಫೀಸಿನದೇ ಕ್ಯಾಲ್ಕ್ ತೆರೆಯುತ್ತದೆ. ರಾಶಿ, ಬೆಟ್ಟೆ, ಗೊರಬಲು ಅಂತ ಸಾಲು ಹಾಕಿ ಮೊತ್ತ ತೆಗೆಯುವ ಲೆಕ್ಕಕ್ಕೆ ಏನೂ ಆಗುವುದಿಲ್ಲ.

ಪ್ರಿಂಟರ್ ಯಾವುದು ಅಂತ ನೀವು ಬರೆದಿಲ್ಲ, ಅದೇ ನನಗಿರುವ ಚಿಂತೆ. ಈಚಿನ ವೈಫೈ ಪ್ರಿಂಟರುಗಳು ಬಹುಪಾಲು ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ತಕರಾರು ಇರುವುದು ನಮ್ಮೂರುಗಳಲ್ಲಿ ಇನ್ನೂ ಗಟ್ಟಿಯಾಗಿ ದುಡಿಯುತ್ತಿರುವ ಹಳೇ ಲೇಸರುಗಳದ್ದು. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ಒಳಗೆ ಇಟ್ಟುಕೊಂಡಿರುವುದಿಲ್ಲ, ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರೇ ಕಳಿಸಬೇಕು. ಎಚ್‌ಪಿಲಿಪ್ ಎಂಬ ತಂತ್ರಾಂಶದ ಪ್ಲಗಿನ್ ಒಮ್ಮೆ ಇಳಿಸಿಕೊಂಡರೆ ನಡೆಯುತ್ತದೆ. ಕೆನಾನ್ ಎಲ್‌ಬಿಪಿ 2900 ತನ್ನದೇ ಆದ ಕ್ಯಾಪ್ಟ್ ಎಂಬ ಭಾಷೆ ಮಾತಾಡುತ್ತದೆ, ಅದನ್ನು ಒಲಿಸಿಕೊಳ್ಳುವುದು ತಾಳ್ಮೆಯ ಕೆಲಸ, ಮಗನ ಕೈಯಲ್ಲಿ ಮಾಡಿಸಿ.

ಕೆಲವರಿಗೆ ಲಿನಕ್ಸ್ ಬೇಡ ಎಂದೇ ಹೇಳುತ್ತೇನೆ. ಟ್ಯಾಲಿ ಮೇಲೆ ಅಂಗಡಿ ನಡೆಯುತ್ತಿದ್ದರೆ, ಆಧಾರ್ ಬೆರಳಚ್ಚು ಯಂತ್ರ ಜೋಡಿಸುವ ಸೇವಾ ಕೇಂದ್ರವಾಗಿದ್ದರೆ, ಡಿಜಿಟಲ್ ಸಹಿಯ ಟೋಕನ್ ದಿನಾ ಬೇಕಿದ್ದರೆ ವಿಂಡೋಸ್‌ನಲ್ಲೇ ಇರಿ. ನಿಮ್ಮ ಪಟ್ಟಿಯಲ್ಲಿ ಅವು ಇಲ್ಲ. ಪಹಣಿ, ಬ್ಯಾಂಕು, ಅಡಿಕೆ ಧಾರಣೆ ಎಲ್ಲವೂ ಬ್ರೌಸರಿನ ಕೆಲಸ.

ಕರೆಂಟಿನ ಬಗ್ಗೆ ಎರಡು ಮಾತು. ಹತ್ತು ವರ್ಷದ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರಬಹುದು, ಕರೆಂಟು ಹೋದ ಕ್ಷಣಕ್ಕೆ ಯಂತ್ರವೂ ಆರುತ್ತದೆ. ಮಿಂಟ್ ಬಳಸುವ ಎಕ್ಸ್‌ಟಿ4 ಕಡತ ವ್ಯವಸ್ಥೆ ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ಒಂದು ಜರ್ನಲಿನಲ್ಲಿ ಬರೆದುಕೊಳ್ಳುತ್ತದೆ, ಆದ್ದರಿಂದ ಡಿಸ್ಕಿನ ವ್ಯವಸ್ಥೆ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ನೀವು ಉಳಿಸದೇ ಇದ್ದ ಪತ್ರವನ್ನು ಯಾವ ಜರ್ನಲೂ ಕಾಯುವುದಿಲ್ಲ. ಲಿಬ್ರೆ ಆಫೀಸಿನ ತಾನಾಗಿ ಉಳಿಸುವ ಅವಧಿ ಹತ್ತು ನಿಮಿಷಕ್ಕೆ ಇಟ್ಟಿರುತ್ತದೆ, ಎರಡಕ್ಕೆ ಇಳಿಸಿ. ಗುಡುಗು ಶುರುವಾದ ಮೇಲೆ ಅಪ್‌ಡೇಟ್ ಒತ್ತಲೇಬೇಡಿ, ಚಾರ್ಜರನ್ನು ಗೋಡೆಯಿಂದ ಕಿತ್ತಿಡಿ. ಅಕಸ್ಮಾತ್ ಅಪ್‌ಡೇಟ್ ನಡುವೆ ಆರಿಹೋಗಿ ಪರದೆ ಬರದಿದ್ದರೆ ಗಾಬರಿ ಬೇಡ. ಆನ್ ಮಾಡುವಾಗ ಗ್ರಬ್ ಎಂಬ ಆರಂಭದ ಪಟ್ಟಿಯಲ್ಲಿ ರಿಕವರಿ ಮೋಡ್‌ಗೆ ಹೋದರೆ, ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಸರಿಮಾಡುವ ಡಿಪಿಕೆಜಿ ಎಂಬ ಸಾಲು ಸಿಗುತ್ತದೆ. ಬಹಳ ಸಲ ಅಷ್ಟೇ ಸಾಕು. ಮಿಂಟ್ ಜೊತೆ ಬರುವ ಟೈಮ್‌ಶಿಫ್ಟ್ ಅನ್ನೂ ಮೊದಲ ದಿನವೇ ಚಾಲೂ ಮಾಡಿ, ಸಿಸ್ಟಂ ಕೆಟ್ಟರೆ ಹಿಂದಿನ ದಿನಕ್ಕೆ ಮರಳಬಹುದು. ಅದು ಕಾಯುವುದು ಸಿಸ್ಟಂ ಕಡತಗಳನ್ನು, ನಿಮ್ಮ ಪತ್ರ ಮತ್ತು ಫೋಟೋಗಳನ್ನಲ್ಲ. ಅವಕ್ಕೆ ಬೇರೆ ನಕಲು ಬೇಕೇ ಬೇಕು.

ಆ ನಕಲಿಗೆ ನಿಮ್ಮ ಹಳೇ ಡಿಸ್ಕೇ ಇದೆ. ವಿಂಡೋಸ್ ಅಳಿಸಿ ಅದರ ಮೇಲೆ ಮಿಂಟ್ ಹಾಕಬೇಡಿ. ಹಳೇ ಡಿಸ್ಕನ್ನು ಇದ್ದ ಹಾಗೇ ತೆಗೆದು, ಹೊಸ ಎಸ್‌ಎಸ್‌ಡಿಗೆ ಮಿಂಟ್ ಹಾಕಿ. ಹಿಡಿಸದಿದ್ದರೆ ಎರಡು ಸ್ಕ್ರೂ ಬಿಚ್ಚಿ ಹಳೆಯದನ್ನೇ ವಾಪಸು ಕೂರಿಸಿದರಾಯಿತು. ಹಿಡಿಸಿದರೆ ಅದಕ್ಕೊಂದು ಯುಎಸ್‌ಬಿ ಕೇಸ್ ತಂದು, ಹೊರಗಿನ ಡಿಸ್ಕಾಗಿ ಬಳಸಿ. ತೆಗೆಯುವ ಮುನ್ನ ಕೊನೆಯ ಸಲ ವಿಂಡೋಸನ್ನು ಮುಚ್ಚುವಾಗ ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಅರೆನಿದ್ದೆಯಲ್ಲಿ ಉಳಿದು, ಲಿನಕ್ಸ್‌ನಲ್ಲಿ ಆ ಡಿಸ್ಕಿನ ಕಡತಗಳನ್ನು ಓದಲು ಮಾತ್ರ ಆಗುತ್ತದೆ, ಬರೆಯಲು ಆಗುವುದಿಲ್ಲ.

ಇಳಿಸಿಕೊಳ್ಳುವ ಕಡತ ಮೂರು ಜಿಬಿ ಹತ್ತಿರ ಇರುತ್ತದೆ. ಶಿವಮೊಗ್ಗಕ್ಕೆ ಅಥವಾ ತೀರ್ಥಹಳ್ಳಿಗೆ ಬಂದಾಗ ಒಳ್ಳೇ ಇಂಟರ್ನೆಟ್ ಇರುವ ಪರಿಚಯದವರ ಮನೆಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಮನೆಯಲ್ಲಿ ವೈಫೈ ಹಿಡಿಯದಿದ್ದರೆ ಫೋನನ್ನು ಕೇಬಲ್ಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ, ಮಿಂಟ್ ಅದನ್ನು ತಂತಿಯ ಸಂಪರ್ಕ ಎಂದೇ ತಿಳಿಯುತ್ತದೆ. ಅಪ್‌ಡೇಟನ್ನೂ ಪೇಟೆಯಿಂದ ಹೊತ್ತು ತರಬಹುದು. ಆಪ್ಟ್-ಆಫ್‌ಲೈನ್ ಎಂಬ ಪ್ಯಾಕೇಜ್ ಏನೇನು ಬೇಕೆಂದು ಪೆನ್‌ಡ್ರೈವಿನಲ್ಲಿ ಪಟ್ಟಿ ಬರೆದುಕೊಡುತ್ತದೆ, ಇನ್ನೊಂದು ಯಂತ್ರದಲ್ಲಿ ಇಳಿಸಿ ತಂದು ಇಲ್ಲಿ ಹಾಕಬಹುದು. ಮಗನಿಗೆ ಈ ಕೆಲಸ ವಹಿಸಿ. ಆರ್ಚ್ ಹಾಕಬಲ್ಲವನಿಗೆ ಇದು ಕಷ್ಟವಲ್ಲ, ಮತ್ತೆ ನಿಮ್ಮ ಯಂತ್ರ ಹಟ ಹಿಡಿದಾಗ ಮನೆಯಲ್ಲೇ ಒಬ್ಬ ತಿಳಿದವನು ಇದ್ದಂತೆ. ಯಾವ ಡಿಸ್ಟ್ರೋ ಆದರೂ ಕೂಗಿದರೆ ಕೇಳುವಷ್ಟು ದೂರದಲ್ಲಿ ಅದನ್ನು ಬಲ್ಲವರು ಒಬ್ಬರಿದ್ದರೆ ಅರ್ಧ ತೊಂದರೆ ಇಲ್ಲ.

ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಮಿಂಟ್ ಅನ್ನು ಒಂದು ಸಂಜೆ ನಡೆಸಿ ನೋಡಿ, ಡಿಸ್ಕಿಗೆ ಏನೂ ಆಗುವುದಿಲ್ಲ. ವೈಫೈ, ಶಬ್ದ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ ಎಂಬುದು, ಕೊನೆಗೆ ಒಂದು ಪಹಣಿ ತೆರೆದು ಪ್ರಿಂಟ್. ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ ಇದನ್ನೆಲ್ಲ ಮುಗಿಸಿಕೊಳ್ಳಿ. ಪ್ರಿಂಟರ್ ಮಾತು ಕೇಳದಿದ್ದರೆ ಅದರ ಹಿಂದೆ ಅಂಟಿಸಿರುವ ಮಾದರಿ ಸಂಖ್ಯೆಯನ್ನು ಬರೆದು ಕಳಿಸಿ. ಎಸ್‌ಎಸ್‌ಡಿಗೆ ದುಡ್ಡು ಹಾಕುವ ಮುನ್ನ ಅದೊಂದನ್ನು ಬಗೆಹರಿಸಿಕೊಳ್ಳೋಣ.